ಸೀತನಿಗೆ ಬಂದ ಕಹಿ ಬಿಯರು

ತೊಂಬತ್ತರ ದಶಕದಿಂದ ಇಪ್ಪತ್ತೈದು ವರ್ಷ ನಮ್ಮ ಮಂದಿಯ ಸೀತನಿ ನಡೆದದ್ದು ಬೈಲಹೊಂಗಲದ ಹತ್ತಿರದ ನನ್ನ ಹೊಲದಲ್ಲೇ. ಚಳಿಗಾಲದಲ್ಲಿ ಜೋಳದ ತೆನೆ ಹಾಲುಗಾಳು ಕಟ್ಟಿದಾಗ ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಕಾಳು ಉದುರಿಸಿ ಬಿಸಿಬಿಸಿ ಮುಕ್ಕುವುದಕ್ಕೆ ನಮ್ಮ ಕಡೆ ಸೀತನಿ ಎನ್ನುತ್ತಾರೆ. ಕಟಕೋಳದಿಂದ ನನ್ನ ಸೋದರಮಾವ ತಪ್ಪದೆ ಬರುತ್ತಿದ್ದ. ಅವನ ನಾಲಿಗೆಗೆ ಮೋಸ ಮಾಡುವುದು ಯಾರಿಂದಲೂ ಆಗುತ್ತಿರಲಿಲ್ಲ. ಮೊದಲ ಮುಕ್ಕು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ನನ್ನ ಕಡೆ ತಿರುಗಿ ತಲೆ ಆಡಿಸುತ್ತಿದ್ದ. ಆ ತಲೆ ಆಡಿಸುವುದಕ್ಕಾಗಿಯೇ ನಾನು ಸೀತನಿ ಜೋಳವನ್ನು ಬೇರೆಯಾಗಿ, ಅದೂ ಸಾಲುಸಾಲಿಗೆ ನಾಲ್ಕಾರು ದಿನ ತಡೆದು ತಡೆದು ಬಿತ್ತುತ್ತಿದ್ದೆ. ಒಂದು ಸಾಲು ಬಲಿತರೆ ಇನ್ನೊಂದು ಎಳೆಯದಾಗಿರಬೇಕು.

ಆಮೇಲೆ ನನ್ನ ಕಾಕಾನ ಮಗ ವಕ್ಕರಿಸಿದ. ಗೋವಾದ ಒಂದು ಸಣ್ಣ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು ಒಂದು ವರ್ಷ ಸೀತನಿಗೆ ಬಾಟಲಿಗಳ ಕ್ರೇಟನ್ನೇ ಹೊತ್ತು ತಂದ. ಮನೆಯೊಳಗೆ ಒಯ್ಯುವ ಮಾತೇ ಇಲ್ಲ, ಹೆಂಗಸರು ಹೊಸ್ತಿಲಲ್ಲೇ ತಡೆಯುತ್ತಿದ್ದರು. ಗೋಣಿಚೀಲದಲ್ಲಿ ಕಟ್ಟಿ ನನ್ನ ಬಾವಿಗೇ ಇಳಿಬಿಟ್ಟು ತಣ್ಣಗೆ ಮಾಡಿದ. ಅಂಗಡಿಯ ಬಿಯರಿನ ಹಾಗಲ್ಲ ಅದು: ತಾಮ್ರದ ಬಣ್ಣ, ಕಿತ್ತಳೆ ಸಿಪ್ಪೆ ಹಿಂಡಿದ ವಾಸನೆ, ಹಾಗಲಕಾಯಿಯ ಕಹಿಯಂತೆ. ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಕೈಬಿಚ್ಚಿ ಹಾಕುತ್ತಾರಂತೆ. ಸಾಲದ್ದಕ್ಕೆ, ಇದರ ಜೊತೆ ಏನು ತಿನ್ನಬೇಕು ಎಂಬ ಪಾಠ ಬೇರೆ. ನನ್ನ ಹೆಂಡತಿ ಕುಟ್ಟಿದ ಗುರೆಳ್ಳಿನ ಚಟ್ನಿಪುಡಿ ನಂಜಿಕೊಂಡರೆ ಖಾರ ದುಪ್ಪಟ್ಟು, ಬೆಲ್ಲ ಕಡಿದರೆ ಕಹಿ ಇನ್ನೂ ಜಾಸ್ತಿ, ಸುಟ್ಟ ಸೀತನಿಗೆ ಮಾತ್ರ ಹೇಳಿ ಮಾಡಿಸಿದ ಜೋಡಿಯಂತೆ. ನನ್ನ ಹೊಲದಲ್ಲಿ ಕುಂತು, ನನ್ನ ತೆನೆ ತಿಂದು, ನನಗೇ ಕಲಿಸುತ್ತಿದ್ದ.

ಮಾವ ಒಂದು ಮುಕ್ಕು ತಿಂದು, ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿದ. ತಲೆ ಆಡಿಸಿದ, ನನ್ನ ಕಡೆಗಲ್ಲ, ಅವನ ಕಡೆ ತಿರುಗಿ. ನಾನು ಒಂದು ಹನಿ ಮುಟ್ಟಲಿಲ್ಲ. ಏಳುವಾಗ ಮಾವ, ಮುಂದಿನ ವರ್ಷ ಇವನ ಹೊಲದಲ್ಲೇ ಸೀತನಿ ಆಗಲಿ ಅಂದ.

ಕಾಕಾನ ಮಗನ ಹೊಲ ನಮ್ಮ ಬದುವಿನ ಆಚೆಗೇ. ಪಾಲಿಗೆ ಮಾಡುವವನಿಗೆ ಹೇಳಿ ಸೀತನಿ ಜೋಳ ಬಿತ್ತಿಸಿದ, ಆದರೆ ಎಲ್ಲ ಸಾಲನ್ನೂ ಒಂದೇ ದಿನ. ಕಾರ್ಖಾನೆಯಲ್ಲಿ ಹಿಂದಿನ ವರ್ಷದ ತಾರೀಖಿಗೇ ರಜೆ ಕೇಳಿಕೊಂಡ. ಆ ವರ್ಷ ಮಳೆ ಬೇಗ ಬಂದು ಬಿತ್ತನೆಯೂ ಬೇಗ ಆಗಿತ್ತು. ಜೋಳಕ್ಕೆ ಇವನ ರಜೆಯ ಗೊಡವೆ ಎಲ್ಲಿಯದು? ಅವನು ಬರುವಷ್ಟರಲ್ಲಿ ತೆನೆ ಬಲಿತಿರುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಸೀತನಿಯ ದಿನ ತಲೆನೋವೆಂದು ಹೇಳಿ ನನ್ನ ಹೊಲದಲ್ಲೇ ಉಳಿದೆ.

ಮಂದಿ ಬಂದು ಸೇರಿದ ಮೇಲೆ ಕಾಕಾನ ಮಗ ಬದು ದಾಟಿ ಬಂದ.

“ಅಣ್ಣಾ, ನಮ್ಮ ತೆನಿ ಬಲತು ಕಲ್ಲಾಗ್ಯಾವು. ನಿಂದು ಒಂದ್ ಹೊರಿ ಕೊಡು.”

ಕೊಟ್ಟೆ. ಔದಾರ್ಯ ಅಂದುಕೊಳ್ಳಬೇಡಿ. ಎಲ್ಲಕ್ಕಿಂತ ಸಿಹಿಯಾದ ಕೊನೆಯ ಸಾಲಿನಲ್ಲಿ ಒಂದೊಂದನ್ನೇ ಆರಿಸಿ ಕೊಯ್ದೆ. ಒಂದು ಮುಕ್ಕು ಹೋದರೆ ಸಾಕು, ಇದು ಯಾರ ತೆನೆ ಎಂದು ಮಾವನಿಗೆ ತಿಳಿಯುತ್ತದೆ, ಎದ್ದು ನನ್ನ ಹತ್ತಿರ ಬರುತ್ತಾನೆ ಎಂದು ಲೆಕ್ಕ ಹಾಕಿದ್ದೆ.

ಆಚೆ ಹೊಗೆ ಎದ್ದಿತು, ನಗೆ ಎದ್ದಿತು, ಮಾವ ಏಳಲಿಲ್ಲ. ಹೊತ್ತು ಇಳಿಯುವಾಗ ಬಂದ. ಟವೆಲ್ಲಿನ ಸೆರಗಿನಲ್ಲಿ ಸೀತನಿ, ಕೈಯಲ್ಲಿ ಒಂದು ಬಾಟಲಿ. ನನ್ನ ಪಕ್ಕ ಕುಂತ.

“ಮೊದಲನೇ ಮುಕ್ಕಿಗೇ ಗೊತ್ತಾತು, ತೆನಿ ನಿಂದು ಅಂತ.”

ನನ್ನ ಎದೆ ಉಬ್ಬಿತು. ಮಾವ ಬಾಟಲಿಯ ಮುಚ್ಚಳ ತೆಗೆದ.

“ಆದ್ರ ಖರೇ ಹೇಳತೇನಿ, ಅಂವನ ಬಿಯರ್ ಇಲ್ದ ಇನ್ನ ನನಗ ಸೀತನಿ ಸಪ್ಪಗ ಅನಸತೈತಿ.”

ಅವನ ಕೈಯಿಂದ ಬಾಟಲಿ ಇಸಿದುಕೊಂಡೆ. ಒಂದು ಮುಕ್ಕು ಬಾಯಿಗೆ ಹಾಕಿಕೊಂಡು ಮೊದಲ ಸಲ ಆ ಬಿಯರ್ ಕುಡಿದೆ. ಕಹಿ ಇಳಿದ ಹಿಂದೆಯೇ ನನ್ನ ಜೋಳದ ಸಿಹಿ ನಾಲಿಗೆಯ ಮೇಲೆ ಎದ್ದು ಬಂತು, ಇಷ್ಟು ವರ್ಷ ಬಿತ್ತಿದ ನನಗೇ ಗೊತ್ತಿಲ್ಲದಷ್ಟು. ಕಾಕಾನ ಮಗನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.