ಎಡಕ್ಕೆ ಬಿದ್ದ ಹೂವು

ನನ್ನದು ದೇವರೇ ಒಪ್ಪಿದ ಸಂಬಂಧ ಎಂದು ನಮ್ಮ ಮನೆಯವರು ಹೇಳುತ್ತಾರೆ. ಸಾಗರದ ಪೇಟೆಯಲ್ಲಿ ಸಿಕ್ಕವರಿಗೂ ಅದನ್ನೇ ಹೇಳುತ್ತಾರೆ. ದೇವರು ಮೊದಲು ಹೇಳಿದ್ದೇನು ಎಂಬುದನ್ನು ಮಾತ್ರ ಯಾರೂ ಬಾಯಿಬಿಡುವುದಿಲ್ಲ.

ತೀರ್ಥಹಳ್ಳಿಯ ಹುಡುಗ ನನ್ನನ್ನು ನೋಡಿಕೊಂಡು ಹೋಗಿದ್ದ. ಕೆಟ್ಟವನೇನಲ್ಲ. ಆದರೆ ನನ್ನ ಕಾನೂನು ಓದು ಇನ್ನೂ ಅರ್ಧದಲ್ಲಿತ್ತು. ಮದುವೆಯಾದರೆ ಅದು ಅಲ್ಲಿಗೇ ನಿಲ್ಲಬೇಕೆಂದು ಅವರ ಮನೆಯವರು ನೇರವಾಗಿಯೇ ಹೇಳಿದ್ದರು. ನಾನು ಬೇಡವೆಂದೆ. ವಾದ ಮುಗಿಯದಾದಾಗ ಅಪ್ಪ, "ನಿನ್ ಮಾತೂ ಬ್ಯಾಡ, ನನ್ ಮಾತೂ ಬ್ಯಾಡ. ದೇವಿ ಹತ್ರ ಹೂ ಕೇಳಾಣ" ಎಂದರು. ಒಪ್ಪಿದೆ. ಹೂವು ಎರಡರಲ್ಲೊಂದು ಕಡೆ ಬೀಳಲೇಬೇಕು. ಮನೆಯಲ್ಲಿ ನನಗೆ ಅಷ್ಟು ಅವಕಾಶವೂ ಇರಲಿಲ್ಲ.

ಹೊಸನಗರದ ದಾರಿಯ ಗುಡಿಯಲ್ಲಿ ಭಟ್ಟರು ವಿಗ್ರಹದ ಎರಡೂ ಹೆಗಲಿಗೆ ಒದ್ದೆ ಹೂ ಅಂಟಿಸಿದರು. ಬಲದ್ದು ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಉಹೂಂ.

ಎಡದ್ದು ಬಿತ್ತು.

"ದೇವಿ ಬ್ಯಾಡ ಅಂತಿದಾಳೆ," ಭಟ್ಟರು ಮೆಲ್ಲಗೆ ಅಂದರು.

"ಈಗ ಬ್ಯಾಡ ಅಂತಿರ್ಬೇಕು, ಆಷಾಢ ಕಳೀಲಿ ಅಂತ. ಹಂಗೇ ಕೇಳಿ ನೋಡಿ ಭಟ್ರೆ," ಅಪ್ಪ.

"ಅಪ್ಪಾ, ಉತ್ರ ಬಂತಲ್ಲ! ಮತ್ತೆ ಎಂತಕ್ಕೆ?"

ಜೊತೆಗೆ ಬಂದಿದ್ದ ಚಿಕ್ಕಮ್ಮ ನಕ್ಕರು. "ಓಹೋ! ನೀರಾರಿದ್ರೆ ಹೂ ಬೀಳತ್ತೆ, ದೇವ್ರು ಗೀವ್ರು ಎಂತೂ ಇಲ್ಲ ಅಂತ ಭಾಷ್ಣ ಹೊಡೀತಿದ್ದೋಳು ನೀನೇ ಅಲ್ವೇನೇ? ಇವತ್ತು ಭಕ್ತಿ ಬಂತಾ?"

ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯನ್ನು ನಾನು ಹೀಗೇ ಕಟ್ಟಿಹಾಕುತ್ತಿದ್ದೆ. ಎಡದ ಹೂವು ದೇವಿಯ ಮಾತೆಂದರೆ ಮುಂದೆ ಬೀಳುವುದಕ್ಕೂ ತಲೆಬಾಗಬೇಕು. ಬರೀ ಹೂವೆಂದರೆ ನನ್ನ ಪರ ಸಾಕ್ಷಿಯೇ ಇಲ್ಲ. ಎರಡರಲ್ಲಿ ಯಾವುದೆಂದು ನಾನು ತೂಗುವಷ್ಟರಲ್ಲಿ ಭಟ್ಟರು ಮತ್ತೆ ಹೂ ಒದ್ದೆ ಮಾಡಿ ಅಂಟಿಸಿದರು. ಈ ಸಲ ಬಲದ್ದು ಬಿತ್ತು. ಎಲ್ಲರೂ ಕೈಮುಗಿದರು. ಗುಡಿಯ ಮೆಟ್ಟಿಲ ಮೇಲೆ ನಿಂತೇ ಅಪ್ಪ ತೀರ್ಥಹಳ್ಳಿಗೆ ಫೋನ್ ಮಾಡಿದರು.

ಹೇಳಬೇಕಾಗಿದ್ದ ಮಾತು ಕಾರು ಹತ್ತಿದ ಮೇಲೆ ಹೊಳೆಯಿತು. ಬೇರೆ ಉತ್ತರಕ್ಕೂ ಜಾಗ ಇಟ್ಟು ಕೇಳಿದಾಗಷ್ಟೇ ಬಂದ ಉತ್ತರದಿಂದ ಏನಾದರೂ ತಿಳಿಯುತ್ತದೆ. ಹೂಂ ಬರುವ ತನಕ ಕೇಳುವವರಿಗೆ ಹೂಂ ಬಂದೇ ಬರುತ್ತದೆ. ದೇವಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಇದಕ್ಕೆ ನಾನು ದೇವರನ್ನು ನಂಬಬೇಕಾಗಿಯೂ ಇರಲಿಲ್ಲ. ಆದರೆ ಅಷ್ಟರಲ್ಲಿ ಆ ಕಡೆಯವರು ಸಿಹಿ ಹಂಚಿಯಾಗಿತ್ತು.

ಆದರೂ ಮುಂದಿನ ಸೀಟಿನಲ್ಲಿದ್ದ ಅಪ್ಪನನ್ನು ಕೇಳಿದೆ:

"ಅಪ್ಪಾ, ಮೊದ್ಲೇ ಬಲಕ್ಕೆ ಬಿದ್ದು, ಇನ್ನೊಂದ್ಸಲ ಕೇಳಿ ಅಂತ ನಾನು ಅಂದಿದ್ರೆ, ಕೇಳ್ತಿದ್ರಾ?"