ಕಾಲುದಾರಿ ತೊಳೆದ ಇಂಜಿನಿಯರ್

ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಟೌನ್‌ಹೌಸ್ ಸಾಲಿನಲ್ಲಿ ಹಿಮ ತೆಗೆಯುವ ಕೆಲಸಕ್ಕೆ ಧಾರವಾಡ ಕಡೆಯ ಸಿವಿಲ್ ಇಂಜಿನಿಯರೊಬ್ಬರು ತಾವಾಗಿಯೇ ಮುಖ್ಯಸ್ಥರಾಗಿದ್ದರು. ನಾವು ಸಲಿಕೆ ಹಿಡಿದರೆ ಅವರು ಎರಡೂ ಕೈ ಜೇಬಿನಲ್ಲಿಟ್ಟು ಗದ್ದದಿಂದ ದಿಕ್ಕು ತೋರಿಸುತ್ತಿದ್ದರು. "ತಲಿ ಓಡಸ್ರೀ, ತಲಿ" ಎಂಬುದು ಅವರ ನಿತ್ಯದ ಮಾತು.

ತೊಂಬತ್ತರ ದಶಕದ ಒಂದು ಜನವರಿ. ಪಕ್ಕದ ಮನೆಯ ಅಮೆರಿಕನ್ ಅಜ್ಜಿಯನ್ನು ಡಯಾಲಿಸಿಸ್‌ಗೆ ಒಯ್ಯುವ ವ್ಯಾನ್ ಹತ್ತು ಗಂಟೆಗೆ ಬರುವುದಿತ್ತು. ಹಿಮ ಬಿದ್ದು ಹಿಂದಿನ ಸರದಿ ತಪ್ಪಿತ್ತು, ಇನ್ನೊಂದು ತಪ್ಪುವಂತಿರಲಿಲ್ಲ. ನಾವು ಹಿಮ ಎತ್ತಿದ ಮೇಲೆ ಕಾಲುದಾರಿಯಲ್ಲಿ ತೆಳುವಾದ ಮಂಜುಗಡ್ಡೆ ಉಳಿಯಿತು. ಇಂಜಿನಿಯರ್ ಅದರ ಮೇಲೆ ನಾಲ್ಕು ಬಕೆಟ್ ಬಿಸಿನೀರು ಸುರಿದು, ಊರಲ್ಲಿ ಅಂಗಳ ತೊಳೆಯುವ ಹಾಗೆ ಪೊರಕೆ ಆಡಿಸಿದರು.

"ಸರ್, ಫ್ರೀಜ್ ಆಗುತ್ತೆ. ಉಪ್ಪು ಹಾಕಿ, ಗಡ್ಡೆ ಕರಗುತ್ತೆ" ಎಂದಳು ನನ್ನ ಹೆಂಡತಿ.

"ಕುದಿಯೋ ನೀರದರೀ ಇದು. ಉಪ್ಪು ನಿಮ್ಮ ಸಾರಿಗೆ ಇಟ್ಕೋರಿ."

ಹತ್ತು ಗಂಟೆಗೆ ದಾರಿ ಕನ್ನಡಿಯಾಗಿತ್ತು. ಅಜ್ಜಿ ಅದನ್ನೊಮ್ಮೆ ನೋಡಿ, ನನ್ನ ತೋಳು ಹಿಡಿದು, ಯಾರೂ ಮುಟ್ಟದ ಹುಲ್ಲುಹಾಸಿನ ಹಿಮದ ಮೇಲೆ ಕೋಲೂರಿ ವ್ಯಾನ್ ತಲುಪಿದರು. ಅವರಿಗೆ ಬಾಗಿಲು ತೆರೆಯಲೆಂದು ಇಂಜಿನಿಯರ್ ತಾವು ತೊಳೆದ ದಾರಿಯಲ್ಲೇ ಓಡಿ ಬಿದ್ದರು.

ಅಂದು ಆ ವ್ಯಾನಿನಲ್ಲಿ ಆಸ್ಪತ್ರೆಗೆ ಹೋದ ರೋಗಿಗಳು ಇಬ್ಬರು.