ಹೆಸರು ಹಿಡಿದು ಅತ್ತ ಹೋಳಿ

ನಮ್ಮೂರಿಗೆ ಬಾಸ್ಕೆಟ್‌ಬಾಲ್ ಬಂದದ್ದು ಸಿಮೆಂಟಿನ ಕಣದಿಂದ. ಎಂಬತ್ತರ ದಶಕದ ಮೊದಲಿಗೆ, ಭತ್ತ ಒಣಗಿಸಲೆಂದು ಸೊಸೈಟಿಯ ಹಿಂದೆ ದೊಡ್ಡದೊಂದು ಕಣ ಹಾಕಿಸಿದರು. ಸುಗ್ಗಿ ಮುಗಿದ ಮೇಲೆ ಅದು ಬರಿದೇ ಬಿದ್ದಿರುತ್ತಿತ್ತು. ಕಲಘಟಗಿ ತಾಲೂಕಿನ ಹಳ್ಳಿಗಳಲ್ಲಿ ಆಗ ಆಟವೆಂದರೆ ಕಬಡ್ಡಿ, ಖೋಖೋ, ಹೆಚ್ಚೆಂದರೆ ವಾಲಿಬಾಲ್. ಚೆಂಡನ್ನು ನೆಲಕ್ಕೆ ಬಡಿಯುತ್ತ ಓಡಿ ಕಬ್ಬಿಣದ ಬಳೆಯೊಳಗೆ ಹಾಕುವ ಆಟವೊಂದು ಉಂಟೆಂದು ತೋರಿಸಿದವನು ನನ್ನ ಸೋದರಮಾವ.

ಮಾವ ನಮ್ಮವ್ವನ ಬೆನ್ನಿಗೆ ಬಿದ್ದ ಒಬ್ಬನೇ ತಮ್ಮ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿ ಪಾಸಾಗಿ, ದೈಹಿಕ ಶಿಕ್ಷಣದ ಕೋರ್ಸು ಮುಗಿಸಿ, ಧಾರವಾಡದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಹಂಗಾಮಿ ಡ್ರಿಲ್ ಮಾಸ್ತರನಾಗಿದ್ದ. ಆದಿತ್ಯವಾರಕ್ಕೊಮ್ಮೆ ಅಕ್ಕನ ಮನೆಗೆ ಬರುತ್ತಿದ್ದ. ಬಂದವನು ಸುಮ್ಮನೆ ಕೂಡಲಿಲ್ಲ. ಕಮ್ಮಾರನಿಂದ ಎರಡು ರಿಂಗ್ ಬಡಿಸಿದ. ಹಳೆಯ ಬಾಗಿಲಿನ ಹಲಗೆಗಳನ್ನು ಜೋಡಿಸಿ, ಕಣದ ಎರಡೂ ತುದಿಗೆ ಕಂಬ ನೆಡಿಸಿದ. ಮೊದಮೊದಲು ಊರವರು ನಕ್ಕರು. ಮುದುಕರು ಕಟ್ಟೆಯ ಮೇಲೆ ಕೂತು, "ತೂತು ಬಿದ್ದ ಬುಟ್ಟ್ಯಾಗ ಏನು ಹಾಕಿದ್ರೇನು, ಕೆಳಗ ಬೀಳತೈತಿ" ಎನ್ನುತ್ತಿದ್ದರು. ಎರಡನೆಯ ವರ್ಷ ನಾವು ತಾಲೂಕಿನ ಪಂದ್ಯ ಗೆದ್ದೆವು. ಆಮೇಲೆ ಅದೇ ಮುದುಕರು ಊಟ ಬಿಟ್ಟು ಕಣಕ್ಕೆ ಬಂದು, "ಒಗಿಲೇ, ಮ್ಯಾಲ ಒಗಿ, ಯಾರ ಮಾರಿ ನೋಡ್ತಿ" ಎಂದು ಕೂಗತೊಡಗಿದರು.

ಆ ಗೆಲುವು ಊರಿಗೆ ಏನಾಗಿತ್ತು ಎಂಬುದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕೈ ಮಾಡಿದರೂ ಬಸ್ಸು ನಿಲ್ಲದೆ ಹೋಗುತ್ತಿದ್ದ ಊರು ನಮ್ಮದು. ಗೆದ್ದ ಮೇಲೆ ಕಂಡಕ್ಟರ್ ತಾನಾಗಿ ಸೀಟಿ ಊದಿ ನಿಲ್ಲಿಸಿ, "ಬುಟ್ಟಿ ಚೆಂಡಿನ ಊರವರು ಹತ್ರಿ" ಎನ್ನುತ್ತಿದ್ದ. ದುಮ್ಮವಾಡ, ಮಿಶ್ರಿಕೋಟಿಯ ಬೀಗರ ಮನೆಗಳಲ್ಲಿ ನಮ್ಮೂರವರು ಎದೆ ಮುಂದೆ ಮಾಡಿ ಕೂಡುವಂತಾಯಿತು. ನಮಗಂತೂ ಇನ್ನೂ ಹೆಚ್ಚು. ಕುರಿಗಾರರ ಮನೆಯ ಹೆಂಗಸೆಂದು ಅವ್ವನನ್ನು ಅಂಗಳದಲ್ಲೇ ನಿಲ್ಲಿಸುತ್ತಿದ್ದವರು, "ಮಾಸ್ತರರ ಅಕ್ಕ ಬಂದಾಳ, ಒಳಗ ಕರೀರಿ" ಎನ್ನತೊಡಗಿದರು.

ಹೀಗಿರುವಾಗ ಊರ ಹಿರಿಯರು ತಾವೇ ನಡೆಸುತ್ತಿದ್ದ ಹೈಸ್ಕೂಲಿಗೆ ಮಾವನನ್ನು ಡ್ರಿಲ್ ಮಾಸ್ತರನಾಗಿ ಕರೆದರು. ಸಾಲೆಗೆ ಇನ್ನೂ ಗ್ರ್ಯಾಂಟ್ ಇರಲಿಲ್ಲ. ಇವತ್ತು ಇದ್ದು ನಾಳೆ ಇಲ್ಲದ ಕೆಲಸ. ಆದರೂ ಮಾವ ಒಪ್ಪಿದ. ಒಪ್ಪಿಸಿದವಳು ಅವ್ವ. "ನನ್ನ ಕಣ್ಣ ಮುಂದ ಇರ್ತಿ ಬಾರೋ ತಮ್ಮಾ" ಎಂದಿದ್ದಳು. ಹನುಮಂತದೇವರ ಗುಡಿಯ ಕಟ್ಟೆಯಲ್ಲಿ ಕಾಯಿ ಒಡೆದು, ಮಾವನಿಗೆ ಟಾವೆಲ್ ಹೊದಿಸಿ, ವೀಳ್ಯ ಕೊಟ್ಟರು. ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಕಣ ಸುತ್ತಿಸಿದರು.

ಎರಡು ತಿಂಗಳಿಗೆ, ಮಾವ ನಮ್ಮ ಸಾಲೆಗೆ ಹಾಜರಾಗುವ ಮೊದಲೇ, ಸರ್ಕಾರದ ಆರ್ಡರ್ ಬಂತು. ರಾಯಚೂರು ಜಿಲ್ಲೆಯ ಒಂದು ತಾಲೂಕಿನ ಊರಿಗೆ ಕಾಯಂ ನೌಕರಿ. ಹತ್ತೆಕರೆ ಹೊಲವಿದ್ದವರಿಗೆ ಕಾಯಂ ನೌಕರಿ ಎಂದರೆ ಒಂದು ಶಬ್ದ. ನಮ್ಮಂಥವರಿಗೆ ಹಾಗಲ್ಲ. ನಮ್ಮ ಎರಡೂ ಮನೆತನಗಳಲ್ಲಿ ಅಲ್ಲಿಯವರೆಗೆ ಯಾರೂ ರಜೆ ಇದ್ದೂ ಪಗಾರ ಬರುವ ಕೆಲಸ ಮಾಡಿರಲಿಲ್ಲ. ಮಾವ ಹೋಗಿದ್ದು ತಪ್ಪು ಎಂದು ನಾನು ಆಗಲೂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ಆ ನೌಕರಿಯ ನೆರಳಿನಲ್ಲೇ ನಾನು ನಮ್ಮ ಮನೆತನದ ಮೊದಲ ಬಿ.ಎ. ಆದೆ.

ಸುದ್ದಿಯನ್ನು ಅವನು ಯಾರ ಕೈಯಲ್ಲೂ ಹೇಳಿ ಕಳಿಸಲಿಲ್ಲ. ಖುದ್ದು ಬಂದು, ಕಣದ ನಡುವೆ ನಿಂತು ಹೇಳಿದ.

"ನನಗ ಸರ್ಕಾರಿ ಆರ್ಡರ್ ಬಂದೈತ್ರಿ. ಇಲ್ಲಿಗೆ ಬರಾಕ ಆಗೂದಿಲ್ಲ. ಮಾತು ಕೊಟ್ಟಿದ್ದೆ, ಅದಕ್ಕ ನಾನ ಬಂದು ಹೇಳಾಕತ್ತೀನಿ."

ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, "ಟಾವೆಲ್ ಹೊದಿಸಿದ್ವೆಲ್ರಿ ಮಾಸ್ತರ" ಎಂದರು.

"ತಂದೀನ್ರಿ" ಎಂದು ಮಾವ ಚೀಲದಿಂದ ಅದನ್ನು ತೆಗೆದು, ಮಡಿಕೆ ಕೆಡದಂತೆ ಕಟ್ಟೆಯ ಮೇಲೆ ಇಟ್ಟ.

ಒಪ್ಪಿದ ಕೆಲಸ ಮಾಡಲಾಗದಿದ್ದರೆ ಕೊಟ್ಟದ್ದನ್ನು ಇಟ್ಟುಕೊಳ್ಳಬಾರದು ಎಂಬುದು ಅವನ ಲೆಕ್ಕ. ಊರಿನ ಲೆಕ್ಕ ಬೇರೆ. ನಮ್ಮ ಕಡೆ ಹೊದಿಸಿದ ಟಾವೆಲನ್ನು ಯಾರೂ ತಿರುಗಿ ಕೊಡುವುದಿಲ್ಲ. ಕೊಟ್ಟರೆ ಹೊದಿಸಿದವರ ಮುಖಕ್ಕೆ ಒಗೆದ ಹಾಗೆ. ಬರಲಾರೆ ಎಂದದ್ದನ್ನು ಅವರು ಹೇಗೋ ನುಂಗುತ್ತಿದ್ದರೇನೋ. ಟಾವೆಲು ನುಂಗಲಾಗಲಿಲ್ಲ. ನಮ್ಮ ಕ್ಯಾಪ್ಟನ್, ಸೊಸೈಟಿ ಚೇರಮನ್ನರ ಮಗ, ಮಾವ ಬಂದ ಕೂಡಲೇ ಅವನ ಕೈಚೀಲ ತಾನೇ ಇಸಿದುಕೊಳ್ಳುತ್ತಿದ್ದವನು, ಆ ದಿನ ಚೆಂಡನ್ನು ಜೋರಾಗಿ ಹಲಗೆಗೆ ಒಗೆದು ಹಿಂದೆ ನೋಡದೆ ಹೋದ.

ಫೆಬ್ರವರಿಯಲ್ಲಿ ಧಾರವಾಡದಲ್ಲಿ ಜಿಲ್ಲೆಯ ಪಂದ್ಯ. ನಾನೂ ಆಡಿದೆ. ಮೊದಲ ಆಟದಲ್ಲೇ ಹೀನಾಯವಾಗಿ ಸೋತೆವು. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹಾಡುತ್ತ ಹೋದ ಮಂದಿ, ಬರುವಾಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸೋತದ್ದು ನಾವು, ಸೋಲಿಸಿದವನು ಮಾವ ಎಂದಾಯಿತು. ಅವನು ದೂರ ಇದ್ದ. ಅವನ ಅಕ್ಕ ಊರಲ್ಲೇ ಇದ್ದಳು.

ಹಿಟ್ಟಿನ ಗಿರಣಿಯಲ್ಲಿ ಗಿರಣಿಯವನು ಅವ್ವನನ್ನು ಕೆಣಕಿದ. "ಏನಬೇ, ನಿಮ್ಮ ತಮ್ಮ ರಾಯಚೂರಿಗೆ ಬಿಸಲ ತಿನ್ನಾಕ ಹೋದ್ನಂತ."

"ರೊಟ್ಟಿ ತಿನ್ನಾಕ ಹೋಗ್ಯಾನ. ನೀ ಜ್ವಾಳಾ ಹಾಕು" ಎಂದಳು ಅವ್ವ.

ಹೋಟೆಲಿನಲ್ಲಿ ನನ್ನನ್ನು ಕಂಡರೆ, "ಇಂವಗ ಚಾ ಕೊಡೂಕಿಂತ ಮೊದಲ ಕೇಳ್ಲೇ, ನಡುವ ಎದ್ದು ಆರ್ಡರ್ ಬಂತಂತ ಹೋದಾನು" ಎನ್ನುತ್ತಿದ್ದರು. ಉಳಿದವರು ನಗುತ್ತಿದ್ದರು. ಇವೆಲ್ಲ ತಡೆದುಕೊಳ್ಳುವ ಮಾತುಗಳೇ. ಆದರೆ ಅವ್ವನಿಂದ ಹಾಲು ಒಯ್ಯುತ್ತಿದ್ದ ಮನೆಗಳು ಒಂದೊಂದಾಗಿ ಬೇರೆ ಕಡೆ ಹೇಳಿಕೊಂಡವು. ಕೇಳಿದರೆ ಯಾರೂ ಕಾರಣ ಹೇಳಲಿಲ್ಲ. ಅವ್ವ ಮತ್ತೆ ಅಂಗಳದಲ್ಲಿ ನಿಲ್ಲುವಂತಾಯಿತು. ಅದಕ್ಕೂ ಅವಳು ಅಳಲಿಲ್ಲ. "ಮುಂದ ಪಂಚಮಿಗೆ ತಮ್ಮ ಕರಿಯಾಕ ಬರ್ತಾನ. ಅವನ ಕೂಡ ಈ ಓಣಿಯಾಗ ನಡಕೊಂತ ಹೋಗ್ತೀನಿ. ಆವಾಗ ನೋಡ್ಲಿ" ಎಂದಳು. ಅವಳಿಗೆ ಬೇಕಾಗಿದ್ದುದು ಅಷ್ಟೇ: ನಾಗರಪಂಚಮಿಗೆ ತಮ್ಮ ಎಂದಿನಂತೆ ಬಂದು, ಎಲ್ಲರ ಎದುರಿಗೆ ಹೊಸ್ತಿಲು ದಾಟಿ, ತವರಿಗೆ ಕರೆದೊಯ್ಯುವುದು.

ಪಂಚಮಿಗಿಂತ ಮೊದಲು ಹೋಳಿ ಬಂತು.

ಹೋಳಿಯಲ್ಲಿ ಸುಳ್ಳು ಹೆಣ ಹೊರುವುದು ನಮ್ಮ ಕಡೆ ಹೊಸದಲ್ಲ. ಹುಲ್ಲಿನ ಗೊಂಬೆಯನ್ನೋ, ಬಾಯಿಬಡುಕ ಹುಡುಗನೊಬ್ಬನನ್ನೋ ಚಟ್ಟಕ್ಕೆ ಕಟ್ಟಿ, ತಮಟೆಯಂಥ ಹಲಗೆ ಬಡಿಯುತ್ತ, ಬಾಯಿ ಬಡಿದುಕೊಳ್ಳುತ್ತ ಊರು ಸುತ್ತುತ್ತಾರೆ. ಅಳುವುದು ಕಾಮಣ್ಣನಿಗೆ. ಬದುಕಿರುವವರ ಹೆಸರು ಹಿಡಿದು ಅಳುವ ರೂಢಿ ಇರಲಿಲ್ಲ. ಆ ವರ್ಷ ಹಿಡಿದರು.

ಅಪ್ಪ ಕುರಿ ಹೊಡೆದುಕೊಂಡು ನವಲಗುಂದದ ಎರೆಹೊಲಗಳ ಕಡೆ ಹೋಗಿದ್ದ. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಮಧ್ಯಾಹ್ನ ಹಲಗೆಯ ಸಪ್ಪಳ ಓಣಿಗೆ ತಿರುಗಿತು. ಮೊದಲು ಕೇಳಿಸಿದ್ದು ಮಾವನ ಹೆಸರು. ಅದರ ಹಿಂದೆ ಬಾಯಿ ಬಡಿದುಕೊಳ್ಳುವ ಸದ್ದು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ಮುಖ ನೋಡಿದೆ. ಒಂದು ಕ್ಷಣ ಅವಳು ಅದನ್ನು ನಿಜವೆಂದೇ ತಿಳಿದಿದ್ದಳು. ರಾಯಚೂರಿನಿಂದ ಸುದ್ದಿ ಬಂತು, ಊರವರು ಹೇಳಲು ಬಂದರು ಎಂದುಕೊಂಡು, ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದಳು.

ಮನೆಯ ಮುಂದೆ ಚಟ್ಟ ನಿಂತಿತ್ತು. ಹುಲ್ಲಿನ ಗೊಂಬೆಗೆ ಪ್ಯಾಂಟು ತೊಡಿಸಿ, ಕೊರಳಿಗೆ ಸೀಟಿ ಕಟ್ಟಿದ್ದರು. ಮೈಮೇಲೆ ಅದೇ ಟಾವೆಲು. ಕ್ಯಾಪ್ಟನ್ ಮುಂದಿನ ಹೆಗಲು ಕೊಟ್ಟಿದ್ದ. ಉಳಿದವರಲ್ಲಿ ನನ್ನ ಜೊತೆ ಆಡುತ್ತಿದ್ದವರೆಲ್ಲ ಇದ್ದರು. ಒಬ್ಬ ಎದೆ ಬಡಿದುಕೊಂಡು, "ಎಪ್ಪಾ ಮಾಸ್ತರಾ, ಪಗಾರ ನಿನ್ನ ಕೊಂದಿತೋ" ಎಂದು ರಾಗ ಎಳೆದ. ಕಟ್ಟೆಗಳ ಮೇಲಿದ್ದವರು ನಕ್ಕರು.

ಅವ್ವ ಬೈಯುತ್ತಾಳೆ ಎಂದು ಎಲ್ಲರೂ ಕಾದಿದ್ದರು. ಬೈಸಿಕೊಳ್ಳುವುದೇ ಆ ಆಟದ ಮಜಾ. ಅವಳು ಬೈಯಲಿಲ್ಲ.

"ಕೆಳಗ ಇಡ್ರಿ" ಎಂದಳು.

ಇಟ್ಟರು. ಒಳಗೆ ಹೋಗಿ ತಂಬಿಗೆ ನೀರು ತಂದು, ಗೊಂಬೆಯ ಬಾಯಿ ಇರಬೇಕಾದ ಜಾಗಕ್ಕೆ ಮೂರು ಸಲ ಬಿಟ್ಟಳು. ತಲೆಯ ಹತ್ತಿರ ಕೂತು, ಸೆರಗು ಮುಂದೆ ಎಳೆದುಕೊಂಡು, ಅಳತೊಡಗಿದಳು. ನಮ್ಮ ಹೆಂಗಸರು ಹೆಣದ ಮುಂದೆ ಆಡಿ ಆಡಿ ಅಳುತ್ತಾರಲ್ಲ, ಹಾಗೆ. ತಮ್ಮನನ್ನು ಬಗಲಲ್ಲಿ ಎತ್ತಿಕೊಂಡು ಕುರಿಯ ಹಿಂದೆ ತಿರುಗಿದ್ದು. ಸಾಲೆಯ ಬಾಗಿಲಿಗೆ ಬಿಟ್ಟು ಹಿಂದೆ ಹಿಂದೆ ನೋಡುತ್ತ ಬಂದದ್ದು. ಒಬ್ಬೊಬ್ಬರ ಹೆಸರು ಹೇಳಿ, ಇವನಿಗೆ ಕಾಲು ಉಳುಕಿದಾಗ ಎಣ್ಣೆ ತಿಕ್ಕಿದೆಯಲ್ಲೋ ತಮ್ಮಾ, ಇವನಿಗೆ ಜ್ವರ ಬಂದಾಗ ಸೈಕಲ್ ಮೇಲೆ ಕಲಘಟಗಿಗೆ ಒಯ್ದೆಯಲ್ಲೋ, ಇವನು ಚೆಂಡು ಹಿಡಿದರೆ ನಿನ್ನ ಮಗನೇ ಹಿಡಿದ ಹಾಗೆ ಹಿಗ್ಗಿದೆಯಲ್ಲೋ, ಅವರೇ ಇವತ್ತು ಹೆಗಲು ಕೊಡಲು ಬಂದಾರ, ಏಳೋ ನನ್ನಪ್ಪಾ, ಕಣ್ಣು ತೆರೆದು ನೋಡೋ ಎಂದು.

ಹಲಗೆ ನಿಂತಿತು. ಕಟ್ಟೆಯ ಮೇಲಿನ ಹೆಂಗಸರಿಬ್ಬರು ಕಣ್ಣೊರೆಸಿಕೊಂಡರು. ಕ್ಯಾಪ್ಟನ್ ನೆಲ ನೋಡುತ್ತ, "ಸಾಕ ಏಳಬೇ ಅತ್ತಿ. ಚ್ಯಾಷ್ಟಿಗೆ ಮಾಡೀವಿ" ಎಂದ.

"ನೀವು ಚ್ಯಾಷ್ಟಿಗೆ ಹೊತ್ತೀರಿ. ನಾ ಚ್ಯಾಷ್ಟಿಗೆ ಅತ್ತಿಲ್ಲ. ಎತ್ತಿ, ಒಯ್ರಿ."

ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಬಿಟ್ಟು ಹೋಗುವ ಧೈರ್ಯವೂ ಇರಲಿಲ್ಲ. ಕಡೆಗೆ ಸದ್ದಿಲ್ಲದೆ ಎತ್ತಿಕೊಂಡು ಹೋದರು. ಅವ್ವ ತಣ್ಣೀರು ಸ್ನಾನ ಮಾಡಿ, ಮನೆ ಸಾರಿಸಿದಳು. ಆ ದಿನ ಮತ್ತೆ ಒಲೆ ಹಚ್ಚಲಿಲ್ಲ.

ಬಾಜೂ ಮನೆಯ ಮುದುಕಿ ಬಂದು ಸಮಾಧಾನ ಹೇಳಿದಳು. ಕಾಗೆ ತಲೆಗೆ ಬಡಿದರೆ, ಬಡಿಸಿಕೊಂಡವನು ಸತ್ತನೆಂದು ಬೀಗರಿಗೆ ಸುಳ್ಳು ಸುದ್ದಿ ಕಳಿಸಿ ಅಳಿಸುವುದು ನಮ್ಮಲ್ಲಿ ಉಂಟು. ಅತ್ತರೆ ಕಂಟಕ ಕಳೆಯುತ್ತದೆ ಎಂಬ ನಂಬಿಕೆ. "ಹಂಗ ತಿಳಕೋ ಯವ್ವಾ. ನಿನ್ನ ತಮ್ಮನ ಆಯುಷ್ಯ ಹೆಚ್ಚಾತು."

"ಆಯುಷ್ಯ ಹೆಚ್ಚಾಗ್ಲಿ. ಅಂವ ಈ ಊರಿಗೆ ಬರೂದು ತಪ್ಪಿತು" ಎಂದಳು ಅವ್ವ.

ಅವಳು ಹೇಳಿದ್ದೇ ಆಯಿತು. ಪಂಚಮಿಯ ಹಿಂದಿನ ದಿನ ಯಾರೋ ಬಂದು, ಮಾವ ಪಕ್ಕದೂರು ದೇವಿಕೊಪ್ಪದ ಬಸ್ ನಿಲ್ದಾಣದಲ್ಲಿ ಕೂತಿದ್ದಾನೆ ಎಂದರು. ಸೈಕಲ್ ಹತ್ತಿ ಹೋದೆ. ಬದಿಯಲ್ಲಿ ಹಬ್ಬದ ಉಂಡಿಯ ಡಬ್ಬಿ, ಸೀರೆಯ ಪೊಟ್ಟಣ ಇಟ್ಟುಕೊಂಡು ಕೂತಿದ್ದ. ಬಿಸಿಲಿಗೆ ಇನ್ನಷ್ಟು ಕರ್ರಗಾಗಿದ್ದ.

"ಅಕ್ಕನ್ನ ಇಲ್ಲಿಗೆ ಕರಕೊಂಡು ಬಾ. ಹಿಂಗಿಂದ ಹಿಂಗ ಊರಿಗೆ ಹೋಗೂಣು."

"ಮನಿಗೆ ಬಾ ಮಾವಾ."

"ಆ ಓಣಿಯಾಗ ನನ್ನ ಹೆಣಾ ಹೋಗೇತ್ಯಂತಲ್ಲೋ. ಅದ ಓಣಿಯಾಗ ನಾ ಹೆಂಗ ನಡಕೊಂತ ಬರ್ಲಿ?"

ಹಿಂದಿರುಗಿ ಅವ್ವನಿಗೆ ಹೇಳಿದೆ. ಅವಳು ಹೊಸ ರವಿಕೆ ತೊಟ್ಟು, ತಲೆ ಬಾಚಿಕೊಂಡು ತಯಾರಾಗಿದ್ದಳು.

"ಕರಿಯಾಕ ಬಂದಾಂವ ಹೊಸ್ತಿಲಿಗೆ ಬರಬೇಕು. ಬಸ್ ಸ್ಟ್ಯಾಂಡಿಗೆ ಹೋಗಾಕ ನಾ ಏನು ಓಡಿ ಹೋಗೂ ಹೆಂಗಸೇನು? ಮಂದಿ ಏನಂದಾರು, ತಮ್ಮ ಸತ್ತ ಅಂದಿದ್ವಿ, ಖರೇನ ಸತ್ತಾಂಗ ಆತು ಅಂದಾರು."

ಮತ್ತೆ ಸೈಕಲ್ ತುಳಿದೆ. ಅವ್ವನ ಮಾತು ಹೇಳಿದೆ. ಮಾವ ಡಬ್ಬಿ, ಪೊಟ್ಟಣ ನನ್ನ ಕೈಗೆ ಕೊಟ್ಟು, ಧಾರವಾಡದ ಬಸ್ಸಿಗೆ ಹತ್ತಿದ. ಇಬ್ಬರಲ್ಲಿ ಯಾರು ಸರಿ ಎಂದು ನನ್ನನ್ನು ಕೇಳಬೇಡಿ. ಇಬ್ಬರೂ ಸರಿಯಾಗಿದ್ದರು, ಅದಕ್ಕೇ ಅದು ಕೂಡಲಿಲ್ಲ.

ಊರು ಮಾತ್ರ ಮರೆತುಬಿಟ್ಟಿತು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುವುದು ಅದಕ್ಕೇ. ಒಬ್ಬ ಮನುಷ್ಯನನ್ನು ಹೆಗಲ ಮೇಲೆ ಹೊತ್ತು ಕುಣಿದವರು, ಅವನನ್ನೇ ಚಟ್ಟದ ಮೇಲೆ ಹೊತ್ತು ನಕ್ಕವರು, ಮುಂದಿನ ಸುಗ್ಗಿ ಮುಗಿಯುವಷ್ಟರಲ್ಲಿ ಎರಡನ್ನೂ ಮರೆತಿದ್ದರು. ಕಣದಲ್ಲಿ ದೊಡ್ಡ ಟೂರ್ನಮೆಂಟ್ ಇಡುವುದೆಂದಾಯಿತು. ಕ್ಯಾಪ್ಟನ್ ನಮ್ಮ ಮನೆಗೆ ಬಂದ. ಏನೂ ನಡೆದಿಲ್ಲವೆಂಬಂತೆ ಕಟ್ಟೆಯ ಮೇಲೆ ಕೂತು, "ಅತ್ತಿ, ಮಾಸ್ತರಿಗೆ ಒಂದು ಪತ್ರ ಬರೆಸ್ರಿ. ಗೆದ್ದವರಿಗೆ ಬಕ್ಷೀಸು ಅವರ ಕೈಲೇ ಕೊಡಸ್ಬೇಕಂತ ಎಲ್ಲಾರದೂ ಆಸೆ ಐತಿ" ಎಂದ. ಅವನ ದನಿಯಲ್ಲಿ ಕಪಟವಿರಲಿಲ್ಲ. ನಿಜವಾಗಿಯೂ ಆಸೆಯಿತ್ತು.

ಅವ್ವ ಅವನಿಗೆ ಚಾ ಕೊಟ್ಟಳು. ಕುಡಿಯುವವರೆಗೆ ಕಾದಳು.

"ಅಂವನ್ನ ನೀವ ಒಯ್ದ್ರೆಲ್ಲಪಾ. ಎಲ್ಲಿ ಇಟ್ಟೀರಿ, ಅಲ್ಲೇ ಹೋಗಿ ಕರೀರಿ."

ಅವನು ಕಪ್ಪು ಕೆಳಗಿಟ್ಟು, ಎದ್ದು ಹೋದ. ಟೂರ್ನಮೆಂಟ್ ನಡೆಯಿತು. ಮೂರು ದಿನ ಮೈಕಿನ ದನಿ ಮನೆಯೊಳಗೂ ಕೇಳಿಸುತ್ತಿತ್ತು. ನಾನು ಹೋಗಲಿಲ್ಲ. ಪಿಯುಸಿ ಪರೀಕ್ಷೆ ಹತ್ತಿರವಿತ್ತು.

ಪಾಸಾದೆ. ಮಾವ ನಾನು ನೌಕರಿ ಮಾಡುವ ಊರಿನ ಕಾಲೇಜಿಗೆ ಸೇರಿಕೊ, ನನ್ನ ಮನೆಯಲ್ಲೇ ಇರು ಎಂದು ಬರೆದ. ಜೂನಿನಲ್ಲಿ ಹೊರಟೆ. ಅವ್ವ ಬಸ್ಸಿನವರೆಗೆ ಬಂದಳು. ರೊಟ್ಟಿಯ ಗಂಟು ಕೊಟ್ಟು, ನನ್ನ ಅಂಗಿಯ ಕಾಲರು ಸರಿಮಾಡಿದಳು.

"ಮಾವಗ ಏನಂತ ಹೇಳ್ಲಿ?" ಎಂದೆ.

"ಬಾ ಅನ್ನಬ್ಯಾಡ. ಅಕ್ಕ ಆರಾಮ ಅದಾಳ ಅನ್ನು."

ಮರುದಿನ ಬೆಳಿಗ್ಗೆ ಮಾವನ ಮನೆ ಮುಟ್ಟಿ ಹಾಗೆಯೇ ಹೇಳಿದೆ. ಮಾವ ಸಾಲೆಗೆ ಹೊರಟಿದ್ದ, ಬೂಟಿನ ಲೇಸು ಕಟ್ಟುತ್ತಿದ್ದ. "ಅಷ್ಟ ಅಂದ್ಲೇನು?" ಎಂದ. ಅಷ್ಟೇ ಎಂದೆ. ಎದ್ದು, ನನ್ನ ಟ್ರಂಕನ್ನು ಒಳಗೆ ಒಯ್ದು, ತನ್ನ ಹಾಸಿಗೆಯ ಪಕ್ಕದಲ್ಲಿ ಜಾಗ ಮಾಡಿ ಇಟ್ಟ.